ಟಂಕಸಾಲೆ ಒಳಗೆ ಆಯ್ತಾ, ಹೊರಗೆ ಆಯ್ತಾ?

(ಹೊಸದಾಗಿ ನಾಣ್ಯ ಸಂಗ್ರಹಕ್ಕೆ ಇಳಿದವರ ಮುಂದೆ ಮೈಸೂರಿನಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ನಾಣ್ಯವನ್ನೇ ಕೈಗೆ ಕೊಟ್ಟು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿರುವುದರಿಂದ ಕೆಲವು ಕಡೆ ಸ್ವಲ್ಪ ಉದ್ದವಾಗಿದೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಅರ್ಧ ಜನರ ಜೇಬಿನಲ್ಲಿ ಒಂದೊಂದು ನಾಣ್ಯ ಇದೆ ಅಂತ ನನಗೆ ಗೊತ್ತು. ಮಾತು ಮುಗಿದ ಕೂಡಲೇ ತೆಗೆದು ತೋರಿಸಿ "ಇದಕ್ಕೆ ಎಷ್ಟು ಬರುತ್ತೆ?" ಅಂತ ಕೇಳುವವರಿದ್ದೀರಿ. ಕೇಳಿ, ತಪ್ಪೇನಿಲ್ಲ. ಆದರೆ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಇವತ್ತು ನಾನು ಹೇಳೋದೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ. ಈ ನಾಣ್ಯದಲ್ಲಿ ನಿಮಗೆ ವಿಚಿತ್ರವಾಗಿ ಕಾಣುತ್ತಿರುವುದು ಟಂಕಸಾಲೆಯ ಒಳಗೆ ಆದದ್ದಾ, ಹೊರಗೆ ಬಂದ ಮೇಲೆ ಆದದ್ದಾ?

ಅಚ್ಚಿನಲ್ಲೇ ಇದ್ದ ವ್ಯತ್ಯಾಸವಾದರೆ ಅದನ್ನು ವೆರೈಟಿ ಅನ್ನುತ್ತೇವೆ. ಹೊಡೆಯುವಾಗ ಏನೋ ಎಡವಟ್ಟಾಗಿ, ಯಾರ ಕಣ್ಣಿಗೂ ಬೀಳದೆ ಚೀಲ ಸೇರಿಕೊಂಡು ಹೊರಗೆ ಬಂದಿದ್ದರೆ ಎರರ್. ಹೊರಗೆ ಬಂದ ಮೇಲೆ ಆಗಿದ್ದರೆ ಅದು ಪೆಟ್ಟು ತಿಂದ ನಾಣ್ಯ, ಇಲ್ಲಾ ಯಾರೋ ಬೇಕಂತ ಕೈಯಾಡಿಸಿದ್ದು. ಇಡೀ ನಾಣ್ಯವೇ ಹೊರಗೆ ಹುಟ್ಟಿದ್ದರೆ ಖೋಟಾ. ಇದನ್ನು ಗುರುತಿಸಬೇಕು ಅಂದರೆ ಒಳಗೆ ಏನು ನಡೆಯುತ್ತೆ ಅನ್ನೋದು ತಿಳಿದಿರಬೇಕು, ಅಲ್ವಾ? ಬೆಲೆಪಟ್ಟಿ ಬಾಯಿಪಾಠ ಮಾಡಿದವರು ಜಾಸ್ತಿ ಇದ್ದಾರೆ. ಇದನ್ನು ತಿಳಿದುಕೊಂಡವರು ಕಡಿಮೆ.

ಈಗಿನ ನಾಣ್ಯ ಹುಟ್ಟೋದು ಹೀಗೆ. ಉದ್ದನೆಯ ಲೋಹದ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಆ ಬಿಲ್ಲೆಯನ್ನು ಸುತ್ತಲೂ ಒತ್ತಿ ಅಂಚು ಸ್ವಲ್ಪ ಎದ್ದು ನಿಲ್ಲುವ ಹಾಗೆ ಮಾಡುತ್ತಾರೆ. ಆಮೇಲೆ ಅದು ಯಂತ್ರಕ್ಕೆ ಹೋಗುತ್ತೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತ ಒಂದು ಉಂಗುರ, ಅದಕ್ಕೆ ಕಾಲರ್ ಅಂತಾರೆ. ಒಂದೇ ಏಟು. ಲೋಹ ಮೇಲೆ ಕೆಳಗೆ ಅಚ್ಚಿನ ಗುಳಿಗಳಿಗೆ ನುಗ್ಗುತ್ತೆ, ಪಕ್ಕಕ್ಕೆ ಹಿಗ್ಗಿ ಕಾಲರಿಗೆ ಒತ್ತಿಕೊಳ್ಳುತ್ತೆ. ಕಾಲರಿನಲ್ಲಿ ಗೀರುಗಳಿದ್ದರೆ ನಾಣ್ಯದ ಅಂಚಿನಲ್ಲೂ ಗೀರು ಮೂಡುತ್ತೆ. ಅಷ್ಟೇ. ನೀವು ತೋರಿಸುವ ಯಾವುದೇ ಎರರ್ ನಾಣ್ಯವನ್ನು ಈ ಕತೆಯೊಳಗೆ ಎಲ್ಲಾದರೂ ಕೂರಿಸಲು ಆಗಬೇಕು. ಆಗದಿದ್ದರೆ ಅದು ಎರರ್ ಅಲ್ಲ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಕಚ್ಚಿದಂತಿರುವ ನಾಣ್ಯಗಳು ಸಿಗುತ್ತವೆ, ಕ್ಲಿಪ್ ಅಂತಾರೆ. ಪಟ್ಟಿ ಸರಿಯಾಗಿ ಮುಂದೆ ಸರಿಯದೆ, ಮೊದಲೇ ಕತ್ತರಿಸಿದ್ದ ತೂತಿನ ಪಕ್ಕಕ್ಕೇ ಮತ್ತೆ ಕತ್ತರಿ ಬಿದ್ದರೆ ಹೀಗಾಗುತ್ತೆ. ಇದೇ ಆಕಾರವನ್ನು ಅರದಿಂದ ಉಜ್ಜಿಯೂ ಮಾಡಬಹುದು, ಅದೇನು ಕಷ್ಟದ ಕೆಲಸವಲ್ಲ. ಹಾಗಾದರೆ ಗುರುತಿಸೋದು ಹೇಗೆ? ಕಚ್ಚಿದ ಜಾಗವನ್ನು ಬಿಟ್ಟು ಅದರ ನೇರ ಎದುರಿನ ಅಂಚು ನೋಡಿ. ಅಸಲಿ ಕ್ಲಿಪ್ಪಿನಲ್ಲಿ ಅಲ್ಲಿ ಅಂಚು ಮಂಕಾಗಿರುತ್ತೆ, ಕೆಲವೊಮ್ಮೆ ಮಾಯವೇ ಆಗಿರುತ್ತೆ. ಯಾಕೆಂದರೆ ಬಿಲ್ಲೆಯ ಅಂಚು ಎಬ್ಬಿಸಲು ಎರಡು ಕಡೆಯಿಂದ ಒತ್ತುವಾಗ ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರುಗಡೆಗೂ ಒತ್ತಡ ಸಿಗುವುದಿಲ್ಲ. ಇದಕ್ಕೆ ಬ್ಲೇಕ್ಸ್‌ಲೀ ಎಫೆಕ್ಟ್ ಅಂತ ಹೆಸರು. ಎಲ್ಲ ಕ್ಲಿಪ್ಪಿನಲ್ಲೂ ಇದು ಎದ್ದು ಕಾಣುವುದಿಲ್ಲ, ಆದರೆ ಕಂಡರೆ ಗಟ್ಟಿ ಸಾಕ್ಷಿ. ಇನ್ನೊಂದು, ಕಚ್ಚಿದ ಜಾಗದ ಪಕ್ಕದ ಅಕ್ಷರಗಳು. ಅಸಲಿಯಲ್ಲಿ ಲೋಹ ಆ ಖಾಲಿ ಜಾಗದ ಕಡೆಗೆ ಹರಿದಿರುತ್ತೆ, ಅಕ್ಷರಗಳು ಸ್ವಲ್ಪ ಎಳೆದ ಹಾಗೆ, ತುದಿಯಲ್ಲಿ ತೆಳ್ಳಗಾದ ಹಾಗೆ ಇರುತ್ತವೆ. ಅರ ಹಾಕಿದ್ದರಲ್ಲಿ ಅಕ್ಷರ ಪೂರ್ತಿ ದಪ್ಪ ಇದ್ದು ಥಟ್ಟನೆ ತುಂಡಾಗಿರುತ್ತೆ. ಲೆನ್ಸಿನಲ್ಲಿ ನೋಡಿದರೆ ಅರದ ಗೀರುಗಳೂ ಸಿಗುತ್ತವೆ.

ಬ್ರಾಕೇಜ್ ಕೂಡ ಹಾಗೇ. ಹೊಡೆದ ನಾಣ್ಯ ಹೊರಗೆ ಬೀಳದೆ ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಗೆ ಅದೇ ಅಚ್ಚಾಗುತ್ತೆ. ಆಗ ಒಂದು ಕಡೆ ಸರಿಯಾದ ಚಿತ್ರ, ಇನ್ನೊಂದು ಕಡೆ ಅದೇ ಚಿತ್ರ ಉಲ್ಟಾ, ಕನ್ನಡಿಯಲ್ಲಿ ಕಂಡಂತೆ, ಒಳಕ್ಕೆ ಇಳಿದು ಮೂಡುತ್ತೆ. ನೋಡೋಕೆ ತುಂಬಾ ಚೆನ್ನಾಗಿರುತ್ತೆ, ಬೆಲೆಯೂ ಬರುತ್ತೆ. ಅದಕ್ಕೇ ಎರಡು ನಾಣ್ಯ ಜೋಡಿಸಿ ವೈಸ್‌ನಲ್ಲಿ ಬಿಗಿದು ಒತ್ತಿ ಮಾಡುವವರೂ ಇದ್ದಾರೆ. ಆದರೆ ವೈಸ್‌ನಲ್ಲಿ ಒತ್ತಿದಾಗ ಹಿಂದಿನ ಕಡೆ ಚಪ್ಪಟೆಯಾಗಲೇಬೇಕು. ಮೊದಲಿದ್ದ ಚಿತ್ರದ ಚೂರುಪಾರು ಉಲ್ಟಾ ಚಿತ್ರದ ಅಡಿಯಲ್ಲಿ ಉಳಿದಿರುತ್ತೆ. ಅಸಲಿ ಬ್ರಾಕೇಜಿನಲ್ಲಿ ಆ ಕಡೆಗೆ ಬೇರೆ ಚಿತ್ರ ಬಿದ್ದೇ ಇಲ್ಲ, ಹಾಗಾಗಿ ಅಡಿಯಲ್ಲಿ ಏನೂ ಇರುವುದಿಲ್ಲ.

ಎರಡೂ ಕಡೆ ಸಿಂಹ ಇರುವ, ಎರಡೂ ಕಡೆ ಅಂಕಿ ಇರುವ ನಾಣ್ಯ ತರುವವರಿಗೆ ಒಂದೇ ಮಾತು: ಅದು ಮ್ಯಾಜಿಕ್ ಮಾಡುವವರು ಬಳಸೋ ಥರದ್ದು. ಎರಡು ನಾಣ್ಯ ಕೊರೆದು ಕೂರಿಸಿರುತ್ತಾರೆ. ಒಳ ಅಂಚಿನ ಗುಂಟ ಕೂದಲಿನಷ್ಟು ತೆಳುವಾದ ಗೆರೆ ಹುಡುಕಿ. ಮೇಜಿನ ಮೇಲೆ ಬೀಳಿಸಿದರೆ ಸದ್ದೂ ಮಂಕಾಗಿರುತ್ತೆ.

10 ರೂಪಾಯಿಯದ್ದು ದೊಡ್ಡ ಗೋಳು. ಎರಡು ಲೋಹದ ನಾಣ್ಯ, ಹೊರಗೆ ಹಳದಿ ಉಂಗುರ, ಒಳಗೆ ಬಿಳಿ ಬಿಲ್ಲೆ, 27 ಮಿಲಿಮೀಟರ್ ಅಗಲ, 7.71 ಗ್ರಾಂ ತೂಕ. ಒಳಗಿನ ಬಿಲ್ಲೆ ತೆಗೆದು ತಿರುಗಿಸಿ ಹಾಕಿ "ಎರರ್" ಅಂತ ಮಾರುತ್ತಾರೆ. ಉಂಗುರ ಮತ್ತು ಬಿಲ್ಲೆ ಒಂದಾಗೋದೇ ಅಚ್ಚಿನ ಏಟು ಬಿದ್ದಾಗ, ಚಿತ್ರ ಮೂಡೋದೂ ಅದೇ ಏಟಿಗೆ. ಹಾಗಿರುವಾಗ ಒಳಗಿನ ಚಿತ್ರ ಮಾತ್ರ ಒಂದು ದಿಕ್ಕು, ಹೊರಗಿನ ಚಿತ್ರ ಇನ್ನೊಂದು ದಿಕ್ಕು ಆಗೋದು ಹೇಗೆ ಸಾಧ್ಯ? ಇಲ್ಲಿ ಲೆನ್ಸ್ ಕೂಡ ಬೇಡ, ಸ್ವಲ್ಪ ಯೋಚನೆ ಸಾಕು. ಬಿಲ್ಲೆ ಪಕ್ಕಕ್ಕೆ ಜರುಗಿ ಉಂಗುರದ ಮೇಲೆ ಹತ್ತಿದ್ದು, ಮತ್ತು ಚಿತ್ರ ಆ ಎರಡರ ಮೇಲೂ ಕಡಿಯದೆ ಹರಿದಿರುವುದು ಸಿಕ್ಕಿದರೆ ಮಾತ್ರ ನನ್ನ ಹತ್ತಿರ ಬನ್ನಿ.

ಇದರ ಇನ್ನೊಂದು ಮುಖ ಅಂಗಡಿಗಳಲ್ಲಿ. "ರೂಪಾಯಿ ಚಿಹ್ನೆ ಇಲ್ಲದ 10 ರೂಪಾಯಿ ನಕಲಿ, ಅದರ ಮೇಲೆ ಕಿರಣದ ಹಾಗಿರುವ 15 ಗೆರೆ ಇದ್ದರೆ ನಕಲಿ, 10 ಗೆರೆ ಇದ್ದರೆ ಅಸಲಿ" ಅಂತ ಸುದ್ದಿ ಹಬ್ಬಿ, ನಮ್ಮ ಕಡೆ ಎಷ್ಟೋ ಅಂಗಡಿಯವರು, ಬಸ್ಸಿನವರು ಆ ನಾಣ್ಯ ಮುಟ್ಟೋದನ್ನೇ ಬಿಟ್ಟಿದ್ದರು. ನಿಜ ಏನೆಂದರೆ ಚಿಹ್ನೆಯೇ ಬಂದದ್ದು ಆಮೇಲೆ. 2011ರ ವಿನ್ಯಾಸದಲ್ಲಿ ಚಿಹ್ನೆ ಮತ್ತು 10 ಗೆರೆ ಬಂತು, ಅದಕ್ಕೂ ಹಿಂದಿನದರಲ್ಲಿ 15 ಗೆರೆ ಇತ್ತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 14 ವಿನ್ಯಾಸಗಳ 10 ರೂಪಾಯಿ ನಾಣ್ಯ ಬಂದಿವೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ ಹೇಳಿಕೆಯನ್ನೇ ಕೊಡಬೇಕಾಯಿತು. ವಿನ್ಯಾಸ ಬೇರೆ ಇದೆ ಅಂದ ಮಾತ್ರಕ್ಕೆ ಖೋಟಾ ಅಂತ ತೀರ್ಮಾನಿಸುವುದು, ವಿನ್ಯಾಸ ಬೇರೆ ಇದೆ ಅಂದ ಮಾತ್ರಕ್ಕೆ ಲಕ್ಷ ಬೆಲೆ ಅಂತ ನಂಬುವುದು, ಎರಡೂ ಒಂದೇ ಕಾಯಿಲೆ.

ಅಚ್ಚು ಬಿರುಕು ಬಿಟ್ಟು ನಾಣ್ಯದ ಮೇಲೆ ಎದ್ದು ಕಾಣುವ ಗೆರೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸ್ಟೀಲ್ ಗಟ್ಟಿ ಲೋಹ, ಅಚ್ಚು ಬೇಗ ಸವೆಯುತ್ತೆ, ಬಿರಿಯುತ್ತೆ. ನಮ್ಮ ಸ್ಟೀಲ್ ರೂಪಾಯಿಗಳಲ್ಲಿ ಇವು ಬೇಕಾದಷ್ಟು ಸಿಗುತ್ತವೆ. ಇಟ್ಟುಕೊಳ್ಳಿ, ಚೆನ್ನಾಗಿರುತ್ತೆ, ಆದರೆ ದುಡ್ಡು ಕೊಟ್ಟು ಕೊಳ್ಳಬೇಡಿ. ಅಂಕಿ ಎರಡೆರಡಾಗಿ ಕಾಣುವುದೂ ಹೆಚ್ಚಿನಂಶ ಏಟು ಬಿದ್ದಾಗ ಅಚ್ಚು ಅದುರಿದ್ದರಿಂದ. ಎರಡನೇ ಗೆರೆ ಚಪ್ಪಟೆಯಾಗಿ, ಮೆಟ್ಟಿಲಿನ ಹಾಗೆ ಕಂಡರೆ ಅದು ಅದುರಿದ್ದೇ. ಅಚ್ಚಿನಲ್ಲೇ ಎರಡು ಸಲ ಮೂಡಿದ್ದರೆ ಎರಡೂ ಗೆರೆ ದುಂಡಗೆ, ತುಂಬಿಕೊಂಡು ಇರುತ್ತವೆ.

ಇಲ್ಲಿಯವರೆಗೆ ಯಂತ್ರದ ನಾಣ್ಯದ ಮಾತು. ನಾವು ಕೂತಿರೋದು ಮೈಸೂರಿನಲ್ಲಿ, ಪಕ್ಕದಲ್ಲೇ ಶ್ರೀರಂಗಪಟ್ಟಣ. ಟಿಪ್ಪುವಿನ ಆನೆ ಪೈಸೆ ಬಿಟ್ಟು ಮಾತಾಡಿದರೆ ನೀವು ಬಿಡ್ತೀರಾ?

ಟಿಪ್ಪು ಕಾಲದ ತಾಮ್ರದ ನಾಣ್ಯ ಕೈಯಿಂದ ಹೊಡೆದದ್ದು. ಕೆಳಗಿನ ಅಚ್ಚಿನ ಮೇಲೆ ಬಿಸಿ ಬಿಲ್ಲೆ ಇಟ್ಟು, ಮೇಲೆ ಇನ್ನೊಂದು ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುವುದು. ಕಾಲರ್ ಇಲ್ಲ. ಹಾಗಾಗಿ ಬಿಲ್ಲೆ ಪೂರ್ತಿ ದುಂಡಗಿರುವುದಿಲ್ಲ, ಆನೆಯ ಸೊಂಡಿಲು ಹೊರಗೆ ಹೋಗಿರುತ್ತೆ, ಒಂದು ಕಡೆ ಚಿತ್ರ ನೆಟ್ಟಗಿದ್ದರೆ ಇನ್ನೊಂದು ಕಡೆ ಅಡ್ಡ ಇರುತ್ತೆ. ಇದನ್ನು "ಆಫ್ ಸೆಂಟರ್ ಎರರ್" ಅಂತ ಜಾಸ್ತಿ ದುಡ್ಡಿಗೆ ಮಾರುವವರನ್ನು ಕಂಡರೆ ನನಗೆ ನಗು ಬರುತ್ತೆ. ಕೈಯಲ್ಲಿ ಹೊಡೆದ ನಾಣ್ಯದಲ್ಲಿ ಅದೇ ಮಾಮೂಲು. ಎಲ್ಲವೂ ನಟ್ಟನಡುವೆ ಕೂತಿದ್ದರೆ ಆಗ ಬೆಲೆ ಹೆಚ್ಚು, ಉಲ್ಟಾ ಲೆಕ್ಕ.

ಇಸವಿಯದ್ದೂ ಒಂದು ಕತೆ. ಟಿಪ್ಪು 1787ರ ಹೊತ್ತಿಗೆ ಮೌಲೂದಿ ಅನ್ನುವ ಹೊಸ ಲೆಕ್ಕ ಶುರು ಮಾಡಿ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಆ ಲೆಕ್ಕದ 1215 ಅನ್ನುವ ಇಸವಿ ನೋಡೋಕೆ 5121 ಅಂತ ಕಾಣುತ್ತೆ. ಅದು ಅಚ್ಚು ಕೊರೆಯುವವನ ತಪ್ಪಲ್ಲ, ದೊರೆಯ ಅಪ್ಪಣೆ. ಆನೆ ಎಡಕ್ಕೆ ಮುಖ ಮಾಡಿದ್ದು, ಬಲಕ್ಕೆ ಮಾಡಿದ್ದು, ಬಾವುಟ ಹೊತ್ತದ್ದು, ಬಾಲ ಎತ್ತಿದ್ದು, ಟಂಕಸಾಲೆಯ ಹೆಸರು ಪಟ್ಟಣ, ನಗರ, ಹೀಗೆ ಬೇರೆ ಬೇರೆ. ನಾಣ್ಯಗಳಿಗೂ ಹೆಸರಿಟ್ಟಿದ್ದ: ಪೈಸೆಗೆ ಜೊಹ್ರಾ, ಅರ್ಧಕ್ಕೆ ಬಹ್ರಾಮ್, ಕಾಲು ಪೈಸೆಗೆ ಅಖ್ತರ್, ಅದರರ್ಧಕ್ಕೆ ಕುತ್ಬ್. ಅಂದರೆ ಶುಕ್ರ, ಮಂಗಳ, ನಕ್ಷತ್ರ, ಧ್ರುವ. ವೆರೈಟಿ ಹುಡುಕುವವರಿಗೆ ಇಷ್ಟು ದೊಡ್ಡ ಬಯಲು ನಮ್ಮ ಮನೆ ಬಾಗಿಲಲ್ಲೇ ಇದೆ, ಹುಡುಗರು ಮೊಬೈಲಿನಲ್ಲಿ ಅಮೆರಿಕದ ಸೆಂಟಿನ ವೆರೈಟಿ ನೋಡುತ್ತಾ ಕೂತಿರುತ್ತಾರೆ. ಇರಲಿ.

ಆನೆ ಪೈಸೆಯ ಖೋಟಾ ಸಾಮಾನ್ಯವಾಗಿ ಎರಕದ್ದು. ಅಸಲಿ ನಾಣ್ಯವೊಂದರಿಂದ ಮೂಸೆ, ಅಂದರೆ ಎರಕದ ಅಚ್ಚು ಮಾಡಿ, ಕರಗಿಸಿದ ಲೋಹ ಹೊಯ್ದಿರುತ್ತಾರೆ. ಹೊಡೆದ ನಾಣ್ಯದ ಮೈ ಒತ್ತಡಕ್ಕೆ ಗಟ್ಟಿಯಾಗಿ, ನಯವಾಗಿ ಇರುತ್ತೆ. ಎರಕದ ಮೈಮೇಲೆ ಲೆನ್ಸ್ ಇಟ್ಟರೆ ಕಾವಲಿ ಮೇಲಿನ ದೋಸೆಯ ಹಾಗೆ ಸಣ್ಣ ಸಣ್ಣ ತೂತುಗಳು. ಅಕ್ಷರಗಳ ಬುಡ ಚೂಪಾಗಿರದೆ ಮಣ್ಣಿನಲ್ಲಿ ಮುಳುಗಿದ ಹಾಗೆ ಮೆತ್ತಗಿರುತ್ತೆ. ಅಂಚಿನ ಸುತ್ತ ಎರಡು ಮೂಸೆ ಸೇರಿದ ಗೆರೆ ಇರುತ್ತೆ, ಇಲ್ಲದಿದ್ದರೆ ಆ ಗೆರೆಯನ್ನು ಉಜ್ಜಿ ತೆಗೆದ ಗುರುತು. ಹಸಿರು ಪಾಚಿಯ ಹಾಗೆ ಕಾಣೋ ಬಣ್ಣ ಬಳಿದಿರುತ್ತಾರೆ. ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ನೋಡಿ, ಬಣ್ಣವಾದರೆ ಹತ್ತಿಗೆ ಬರುತ್ತೆ, ನೂರಿನ್ನೂರು ವರ್ಷ ಮಣ್ಣಿನಲ್ಲಿ ಕೂತು ಬಂದ ಹಸಿರು ಬರುವುದಿಲ್ಲ.

ಇದೆಲ್ಲಕ್ಕಿಂತ ನಂಬಿಕಸ್ತ ಪರೀಕ್ಷೆ ಒಂದಿದೆ, ಅದಕ್ಕೆ ದುಡ್ಡೂ ಬೇಡ, ಸಾಮಾನೂ ಬೇಡ. ಕೈಯಲ್ಲಿ ಹೊಡೆದ ನಾಣ್ಯಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದೇ ಅಚ್ಚಿನಿಂದ ಬಂದರೂ ಬಿಲ್ಲೆಯ ಆಕಾರ ಬೇರೆ, ಚಿತ್ರ ಜರುಗಿದ ಪಕ್ಕ ಬೇರೆ, ಸವೆತ ಬೇರೆ. ವ್ಯಾಪಾರಿ ಒಂದು ತಟ್ಟೆ ತುಂಬ ಆನೆ ಪೈಸೆ ಸುರಿದಿದ್ದರೆ ಒಂದನ್ನೇ ದಿಟ್ಟಿಸಬೇಡಿ, ತಟ್ಟೆಯನ್ನೆಲ್ಲ ಕೆದಕಿ. ಒಂದೇ ಜಾಗದಲ್ಲಿ ಬಿರುಕು, ಒಂದೇ ಜಾಗದಲ್ಲಿ ಮೊಂಡಾದ ಕಾಲು, ಒಂದೇ ಓರೆ ಇರುವ ಎರಡು ಸಿಕ್ಕವೋ, ಎರಡೂ ಒಂದೇ ಮೂಸೆಯ ಅವಳಿಗಳು. ಇಂಟರ್‌ನೆಟ್‌ನಲ್ಲಿ ಕೊಳ್ಳುವಾಗಲೂ ಇದೇ. ಅದೇ ನಾಣ್ಯದ ಬೇರೆ ಫೋಟೋಗಳನ್ನು ಹುಡುಕಿ, ಅವಳಿ ಸಿಗುತ್ತಾ ನೋಡಿ.

ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸೂ ಇಲ್ಲಿಗೆ ಸೇರುತ್ತೆ. ಮೊದಲು ಆನೆ, ಆಮೇಲೆ ಶಾರ್ದೂಲ. ಕೆಲವುದರ ಮೇಲೆ ಕನ್ನಡದಲ್ಲಿ "ಮಯಿಲಿ ಕಾಸು", ಇಂಗ್ಲಿಷಿನಲ್ಲಿ ರೋಮನ್ ಅಂಕಿ ಹಾಕಿ "ಕ್ಯಾಶ್", ಜೊತೆಗೆ ಪರ್ಷಿಯನ್‌ನಲ್ಲಿ ಮೈಸೂರು ಟಂಕಸಾಲೆಯ ಹೆಸರು, ಒಂದು ತಾಮ್ರದ ಬಿಲ್ಲೆಯಲ್ಲಿ ಮೂರು ಲಿಪಿ. ಇಂಗ್ಲಿಷ್ ಅಕ್ಷರ ತಿರುಗುಮುರುಗಾದ ನಾಣ್ಯಗಳೂ ಇವೆ. ಅಂಥದ್ದನ್ನು ಕಂಡು ಖೋಟಾ ಅಂದುಕೊಂಡು ಬಿಟ್ಟುಬಂದವರಿದ್ದಾರೆ. ಅಕ್ಷರ ತಪ್ಪಾಗಿದೆಯೋ ಸರಿಯಾಗಿದೆಯೋ ಅನ್ನೋದಕ್ಕಿಂತ, ಆ ಅಕ್ಷರ ಹೊಡೆತಕ್ಕೆ ಮೂಡಿದ್ದಾ, ಹೊಯ್ದದ್ದಾ ಅಂತ ನೋಡಿದ್ದರೆ ಉಳಿಯುತ್ತಿತ್ತು.

ಈಗ ಬೆಳ್ಳಿ ರೂಪಾಯಿಗೆ ಬರೋಣ, ನಿಮ್ಮಲ್ಲಿ ಹೆಚ್ಚಿನವರ ದುಡ್ಡು ಹೋಗೋದು ಇಲ್ಲೇ. 1835ರಿಂದ 1939ರವರೆಗೆ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಬೆಳ್ಳಿ ನೂರಕ್ಕೆ 91.7 ಭಾಗ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರ ಹುಲಿ ರೂಪಾಯಿಯಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ಅದು ನಿಕಲ್. ಆ 1947ರದ್ದನ್ನು ಇವತ್ತಿಗೂ ಬೆಳ್ಳಿ ಅಂತ ಮಾರುತ್ತಾರೆ. ಒಂದು ಅಯಸ್ಕಾಂತ ಹತ್ತಿರ ಹಿಡಿಯಿರಿ, ಪಟ್ ಅಂತ ಅಂಟಿಕೊಳ್ಳುತ್ತೆ. ಅಸಲಿ ಬೆಳ್ಳಿ ರೂಪಾಯಿ ಅಂಟುವುದಿಲ್ಲ. ಆದರೆ ಅಂಟದೇ ಇದ್ದದ್ದೆಲ್ಲ ಬೆಳ್ಳಿಯೇನಲ್ಲ, ಹಿತ್ತಾಳೆಯೂ ಅಂಟುವುದಿಲ್ಲ, ಜರ್ಮನ್ ಸಿಲ್ವರ್ ಕೂಡ ಅಂಟುವುದಿಲ್ಲ.

ಅದಕ್ಕೆ ನೀರಿನ ಪರೀಕ್ಷೆ. ಪಾಯಿಂಟ್ ಎರಡು ಸ್ಥಾನದವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯ ಮಾತ್ರ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಸಣ್ಣ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳುವಾದ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ, ತಳಕ್ಕೆ, ಪಕ್ಕಕ್ಕೆ ತಾಗಬಾರದು, ಗುಳ್ಳೆ ಇರಬಾರದು. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. ಹಳೇ ಬೆಳ್ಳಿ ರೂಪಾಯಿಯಾದರೆ 11.66 ಗ್ರಾಂಗೆ ನೀರಿನಲ್ಲಿ ಸುಮಾರು 1.13 ತೋರಿಸಬೇಕು, ಭಾಗಿಸಿದರೆ 10.3 ಬರುತ್ತೆ. ಅದೇ 1.35 ತೋರಿಸಿದರೆ ಭಾಗಲಬ್ಧ 8.6ಕ್ಕೆ ಇಳಿಯುತ್ತೆ, ಅದು ಬೆಳ್ಳಿಯಲ್ಲ. ತೂಕ ಸರಿಮಾಡಿ ಮೋಸ ಮಾಡಬಹುದು, ಅಗಲ ಸರಿಮಾಡಿ ಮೋಸ ಮಾಡಬಹುದು. ಅಗಲ, ದಪ್ಪ, ತೂಕ ಮೂರನ್ನೂ ಒಟ್ಟಿಗೆ ಸರಿಮಾಡಬೇಕಾದರೆ ಬೆಳ್ಳಿಯನ್ನೇ ಹಾಕಬೇಕಾಗುತ್ತೆ.

ಹಾಗಂತ ಬೆಳ್ಳಿಯನ್ನೇ ಹಾಕುವವರಿಲ್ಲ ಅಂದುಕೊಳ್ಳಬೇಡಿ. ಸಾಮಾನ್ಯ ಇಸವಿಯ ರೂಪಾಯಿಗೆ ಯಾರೂ ಅಷ್ಟು ಕಷ್ಟಪಡುವುದಿಲ್ಲ, ಅಪರೂಪದ ಇಸವಿಗೆ ಪಡುತ್ತಾರೆ. ಆರನೇ ಜಾರ್ಜ್‌ನ 1939ರ ರೂಪಾಯಿ ಅದಕ್ಕೆ ಒಳ್ಳೇ ಉದಾಹರಣೆ. ತುಂಬಾ ಅಪರೂಪ, ಹರಾಜಿನಲ್ಲಿ ಬಂದರೆ ಜನ ಮುಗಿಬೀಳುತ್ತಾರೆ. ಅದರ ಹಿಂದಿನ ವರ್ಷದ್ದು, 1938ರದ್ದು, ಅದಕ್ಕಿಂತ ಎಷ್ಟೋ ಸುಲಭವಾಗಿ ಸಿಗುತ್ತೆ. ಎರಡಕ್ಕೂ ಇರೋ ವ್ಯತ್ಯಾಸ ಒಂದು ಅಂಕಿ. ಎಂಟರ ಕೆಳಗಿನ ಸುತ್ತನ್ನು ಎಡಗಡೆ ಒಂದಿಷ್ಟು ಕೆರೆದರೆ ಒಂಬತ್ತು! ಬೆಳ್ಳಿಯೂ ಅಸಲಿ, ತೂಕವೂ ಅಸಲಿ, ಅಂಚೂ ಅಸಲಿ, ನೀರಿನ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಪಾಸ್. ಟಂಕಸಾಲೆಯಲ್ಲೇ ಹುಟ್ಟಿದ ನಾಣ್ಯ, ಆದರೆ ನಿಮಗೆ ಬೇಕಾದ ಆ ಒಂದು ಅಂಕಿ ಮಾತ್ರ ಹೊರಗೆ ಹುಟ್ಟಿದ್ದು.

ಇಲ್ಲಿ ಒಂದು ಅನುಕೂಲ ಇದೆ. 1939ರಲ್ಲಿ ಒಂಬತ್ತು ಎರಡು ಸಲ ಬರುತ್ತೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು ಎರಡನೆಯ ಅಂಕಿಯನ್ನೂ ಕೊನೆಯ ಅಂಕಿಯನ್ನೂ ಪಕ್ಕಪಕ್ಕ ಹೋಲಿಸಿ. ಮೇಲಿನ ಸುತ್ತಿನ ಗಾತ್ರ ಒಂದೇ ಇದೆಯಾ? ಬಾಲ ಒಂದೇ ಥರ ಬಾಗಿದೆಯಾ? ಎಂಟಿನಿಂದ ಆದ ಒಂಬತ್ತಿನ ಮೇಲಿನ ಸುತ್ತು ಸಣ್ಣದಾಗಿ, ಸೊಂಟ ಬಿಗಿದ ಹಾಗೆ ಕಾಣುತ್ತೆ, ಬಾಲದ ತುದಿ ಎಲ್ಲೋ ಕತ್ತರಿಸಿದ ಹಾಗೆ ನಿಲ್ಲುತ್ತೆ. ಆಮೇಲೆ ಅಂಕಿ ಬಿಟ್ಟು ಅದರ ಸುತ್ತಲಿನ ಬಯಲು ಜಾಗ ನೋಡಿ. ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ವಾಲಿಸಿದರೆ ಬೆಳಕು ಎಲ್ಲ ಕಡೆ ಒಂದೇ ಸಮ ಹರಿಯಬೇಕು. ಕೊನೆಯ ಅಂಕಿಯ ಹತ್ತಿರ ಮಾತ್ರ ಬೆಳಕು ತಡವರಿಸಿದರೆ, ಅಲ್ಲಿ ಸಣ್ಣ ಹಳ್ಳ ಇದ್ದರೆ, ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದರೆ, ನಾಣ್ಯ ವಾಪಸ್ ಕೊಟ್ಟು ಬನ್ನಿ. ಮಾರುವವರು ಎಷ್ಟೇ ಸಭ್ಯರಾಗಿರಲಿ.

ಅದೇ ಹೊತ್ತಿಗೆ, ಅನುಮಾನ ಪಡಬೇಕಾಗಿಲ್ಲದ ವಿಚಿತ್ರಗಳೂ ಇವೆ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ನೋಡಿ. ಆ ಇಸವಿಯನ್ನು 1874ರ ಹತ್ತಿರ ಹತ್ತಿರದವರೆಗೂ ಬದಲಿಸದೆ ಹಾಗೇ ಹೊಡೆದರು. ವರ್ಷ ಬೇರೆ ಅಂತ ತಿಳಿಸಲು ಹಿಂಬದಿಯಲ್ಲಿ ಅಲ್ಲಲ್ಲಿ ಸಣ್ಣ ಚುಕ್ಕಿಗಳನ್ನು ಸೇರಿಸಿದರು. ಗೊತ್ತಿಲ್ಲದವರಿಗೆ ಅದು ಕೊಳೆ, ಗೊತ್ತಿದ್ದವರಿಗೆ ಅದೇ ವೆರೈಟಿ. ಚುಕ್ಕಿ ಎಣಿಸುತ್ತಾ ಜೀವಮಾನ ಕಳೆಯುವವರಿದ್ದಾರೆ, ಅವರ ಮನೆಯವರನ್ನು ಕೇಳಿದರೆ ಬೇರೆ ಕತೆ ಹೇಳ್ತಾರೆ. ಐದನೇ ಜಾರ್ಜ್‌ನ 1911ರ ರೂಪಾಯಿ ಇನ್ನೊಂದು. ದೊರೆಯ ಎದೆಯ ಮೇಲಿನ ಆನೆಗೆ ಸೊಂಡಿಲು ಗಿಡ್ಡವಾಗಿ ಅದು ಹಂದಿಯ ಹಾಗೆ ಕಾಣುತ್ತೆ ಅಂತ ಗಲಾಟೆಯಾಗಿ, 1912ರಿಂದ ಆನೆಯನ್ನು ತಿದ್ದಿದರು. ಹಂದಿ ರೂಪಾಯಿ ಅಂತಲೇ ಹೆಸರು. ಇದರಲ್ಲಿ ಪರೀಕ್ಷೆ ಸುಲಭ: 1911 ಅಂತ ಇಸವಿ ಇದ್ದು ಆನೆ ಚೆನ್ನಾಗಿ ಸೊಂಡಿಲು ಬಿಟ್ಟುಕೊಂಡಿದ್ದರೆ ಇಸವಿ ತಿದ್ದಿದ್ದಾರೆ ಅಂತ ಅರ್ಥ.

ನನ್ನ ಪ್ರಶ್ನೆಯನ್ನೇ ಗಲಿಬಿಲಿ ಮಾಡುವ ಒಂದು ಜಾತಿಯೂ ಇದೆ, ಅದನ್ನು ಮುಚ್ಚಿಡಬಾರದು. ಬ್ರಿಟಿಷ್ ಇಂಡಿಯಾದ ಎಷ್ಟೋ ನಾಣ್ಯಗಳನ್ನು ಸಂಗ್ರಹಕಾರರಿಗಾಗಿ ಟಂಕಸಾಲೆಯವರೇ ಹಳೇ ಇಸವಿಯ ಅಚ್ಚಿನಿಂದ ಎಷ್ಟೋ ವರ್ಷ ಆದ ಮೇಲೆ ಮತ್ತೆ ಹೊಡೆದುಕೊಟ್ಟರು, ರೀಸ್ಟ್ರೈಕ್ ಅಂತಾರೆ. ಹುಟ್ಟಿದ್ದು ಒಳಗೇ, ಆದರೆ ನಾಣ್ಯದ ಮೇಲಿರುವ ವರ್ಷದಲ್ಲಿ ಅಲ್ಲ. ಕನ್ನಡಿಯ ಹಾಗೆ ಹೊಳೆಯುವ, ಒಂದು ಗೀರೂ ಇಲ್ಲದ ಹಳೇ ನಾಣ್ಯ ಕಂಡರೆ ಅದು ರೀಸ್ಟ್ರೈಕಾ ಅಂತ ಕೇಳಿ. ಕೊಳ್ಳಬಾರದು ಅಂತಲ್ಲ, ಅದಕ್ಕೆ ತಕ್ಕ ಬೆಲೆ ಕೊಡಿ.

ಗಣರಾಜ್ಯದ ನಾಣ್ಯಗಳಲ್ಲಿ ವೆರೈಟಿ ಅಂದರೆ ಮೊದಲು ಟಂಕಸಾಲೆಯ ಗುರುತು. ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಲ್ಲಿ ಸಾಲದೆ ಬಂದಾಗ ಹೊರದೇಶದಲ್ಲೂ ಹೊಡೆಸಿದ್ದಾರೆ. 1985ರ ಒಂದು ರೂಪಾಯಿಯಲ್ಲಿ ಎಚ್ ಅಂತ ಇದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯದ್ದು. 1999, 2000ದ ಕೆಲವು 5 ರೂಪಾಯಿ ಮಾಸ್ಕೋದಿಂದ ಬಂದವು. ಎಚ್ ಗುರುತಿನ ರೂಪಾಯಿಗೆ ಲಕ್ಷಾಂತರ ರೂಪಾಯಿ ಅಂತ ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತೆ. ಅದು ಅಪರೂಪದ ನಾಣ್ಯವೇ ಅಲ್ಲ. 2012ರ ವೈಷ್ಣೋದೇವಿ ನಾಣ್ಯದ್ದೂ ಅದೇ ಹಾಡು. ನೆಹರೂ ತೀರಿಕೊಂಡ ವರ್ಷ, 1964ರಲ್ಲಿ ಬಂದ 50 ಪೈಸೆಯಲ್ಲಿ ಹೆಸರು ಇಂಗ್ಲಿಷಿನಲ್ಲಿ ಇರೋದು ಒಂದು, ಹಿಂದಿಯಲ್ಲಿ ಇರೋದು ಇನ್ನೊಂದು. ಇಂಥವನ್ನು ಜೋಡಿಸುತ್ತಾ ಹೋಗಿ, ಕೈಗೆ ಎಟಕುವ ಖರ್ಚಿನಲ್ಲಿ ಕಣ್ಣು ಪಳಗುತ್ತೆ.

ಇನ್ನು ರಾಮ, ಹನುಮಂತ, ಕಮಲ, ದೀಪ ಇರುವ "ಈಸ್ಟ್ ಇಂಡಿಯಾ ಕಂಪನಿ" ನಾಣ್ಯಗಳು. 1818, 1839, ಕೆಲವುದರ ಮೇಲೆ 1616 ಅಂತ ಕೂಡ ಇರುತ್ತೆ. ಕಂಪನಿ ಇಂಥ ನಾಣ್ಯ ಹೊರಡಿಸಿದ್ದೇ ಇಲ್ಲ. ಕಂಪನಿಯ ಅಸಲಿ ತಾಮ್ರದ ಕಾಲಾಣೆಯ ಮೇಲೆ ಇರೋದು ಅದರ ಲಾಂಛನ. ಈ ರಾಮ ಟಂಕಿಗಳು ದೇವರ ಮನೆಗೆ ಅಂತಲೋ ಜಾತ್ರೆಯಲ್ಲಿ ಮಾರಲು ಅಂತಲೋ ಮಾಡಿದ ಬಿಲ್ಲೆಗಳು. ಪೂಜೆಗೆ ಇಟ್ಟುಕೊಂಡವರದ್ದು ತಪ್ಪಿಲ್ಲ. ಆದರೆ ಇವೇ ಬಿಲ್ಲೆಗಳು ಅಕ್ಕಿಯನ್ನು ಎಳೆಯುತ್ತವೆ, ವಿದೇಶದವರು ಕೋಟಿ ಕೊಟ್ಟು ಕೊಳ್ಳುತ್ತಾರೆ ಅಂತ ನಂಬಿಸಿ, "ಟೆಸ್ಟಿಂಗ್ ಖರ್ಚು" ಅಂತ ಲಕ್ಷಗಟ್ಟಲೆ ಕಿತ್ತುಕೊಳ್ಳುವ ರೈಸ್ ಪುಲ್ಲಿಂಗ್ ದಂಧೆ ನಮ್ಮ ರಾಜ್ಯದಲ್ಲಿ ಎಷ್ಟು ಸಲ ಪೊಲೀಸ್ ಠಾಣೆ ಹತ್ತಿದೆ ಅಂತ ಪೇಪರ್ ಓದುವವರಿಗೆ ಗೊತ್ತು. ಹಳೇ ನಾಣ್ಯ ಕೊಳ್ತೀವಿ, ಮೊದಲು ತೆರಿಗೆ ಕಟ್ಟಿ, ಕಮಿಷನ್ ಕಟ್ಟಿ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಫೋನ್ ಮಾಡುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಅವರು ಈ ವ್ಯಾಪಾರ ಮಾಡುವುದಿಲ್ಲ, ಕಮಿಷನ್ನೂ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಕೆಲವರು ಪ್ರಶ್ನೆ ಕೇಳಿದರು, ಅವನ್ನೂ ಸೇರಿಸುತ್ತೇನೆ.

ಒಬ್ಬ ಅಮ್ಮ ತಮ್ಮ ಅತ್ತೆಯ ಕಾಸಿನ ಸರದ ಬಗ್ಗೆ ಕೇಳಿದರು, ಅದರಲ್ಲಿರುವುದು ಅಸಲಿ ಪವನಾ ಅಂತ. ಅಮ್ಮಾ, ಪವನ್ ಅಂದರೆ ಇಂಗ್ಲೆಂಡಿನ ಸವರನ್ ನಾಣ್ಯ, ಅಸಲಿಯಾದರೆ 7.98 ಗ್ರಾಂ, 22 ಕ್ಯಾರೆಟ್, ಅಗಲ 22 ಮಿಲಿಮೀಟರ್ ಚಿಲ್ಲರೆ. ಸರದ ಕಾಸುಗಳನ್ನು ಹೆಚ್ಚಾಗಿ ಅಕ್ಕಸಾಲಿಗರೇ ಅಚ್ಚು ಹಾಕಿ ಮಾಡಿರುತ್ತಾರೆ, ರಾಜನ ಮುಖ, ಅಕ್ಷರ ಎಲ್ಲ ಅಂದಾಜಿಗೆ. ಅದು ಮೋಸವಲ್ಲ, ಒಡವೆ. ಚಿನ್ನಕ್ಕೆ ಚಿನ್ನದ ಬೆಲೆ ಇದ್ದೇ ಇದೆ. ಅಸಲಿ ಸವರನ್ ಇದ್ದರೂ ಕೊಂಡಿ ಬೆಸೆದ ಮೇಲೆ ಸಂಗ್ರಹಕಾರರು ಅದಕ್ಕೆ ಜಾಸ್ತಿ ಕೊಡುವುದಿಲ್ಲ. ಹಳೇ ಬೆಳ್ಳಿ ರೂಪಾಯಿ ಕೊಳ್ಳುವಾಗಲೂ ಇದನ್ನು ನೆನಪಿಡಿ, ಕೊಂಡಿ ಕಿತ್ತು ಅಂಚು ಉಜ್ಜಿ ಮಾರುತ್ತಾರೆ, ಗಡಿಯಾರದ 12ರ ಜಾಗದಲ್ಲಿ ಅಂಚಿನ ಗೀರು ಮಾಯವಾಗಿದೆಯಾ ನೋಡಿ.

ಒಬ್ಬ ಹುಡುಗ ಕೇಳಿದ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಗ್ರೇಡ್ ಮಾಡಿದ್ದನ್ನೇ ಕೊಂಡರೆ ತಲೆನೋವಿಲ್ಲ ಅಲ್ವಾ ಅಂತ. ಅಷ್ಟು ಸುಲಭ ಇಲ್ಲಪ್ಪ. ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳ ಪೆಟ್ಟಿಗೆಗಳನ್ನೂ ನಕಲು ಮಾಡುತ್ತಾರೆ. ಪೆಟ್ಟಿಗೆಯ ಮೇಲಿನ ನಂಬರನ್ನು ಆ ಸಂಸ್ಥೆಯ ತಾಣದಲ್ಲಿ ಹಾಕು, ಅಲ್ಲಿ ನಾಣ್ಯದ ಫೋಟೋ ಇದ್ದರೆ ಕೈಯಲ್ಲಿರುವ ನಾಣ್ಯದ ಜೊತೆ ಹೋಲಿಸು. ನಂಬರ್ ಹೊಂದಿದರೆ ಸಾಲದು, ಗೀರುಗಳೂ ಹೊಂದಬೇಕು.

ಹುಣಸೆಹಣ್ಣು ಹಾಕಿ ತೊಳೆಯಬಹುದಾ ಅಂತ ಹಿಂದಿನಿಂದ ಯಾರೋ ಕೇಳಿದರು. ದಯವಿಟ್ಟು ಬೇಡ. ಹುಣಸೆಹಣ್ಣು, ಪಾತ್ರೆ ತೊಳೆಯೋ ಪುಡಿ, ಹಲ್ಲುಜ್ಜೋ ಪೇಸ್ಟ್ ಯಾವುದೂ ಬೇಡ. ಅಸಲಿಯೋ ಖೋಟಾನೋ ಹೇಳಬಲ್ಲ ಸಾಕ್ಷಿಯೆಲ್ಲ ಇರೋದು ಮೇಲಿನ ಆ ಪದರದಲ್ಲಿ. ಅದನ್ನು ಉಜ್ಜಿ ತಂದು ನನ್ನ ಮುಂದಿಟ್ಟರೆ ನಾನೇನು ಹೇಳಲಿ?

ಹೊಲ ಉಳುವಾಗ ಮಡಕೆಯಲ್ಲಿ ನಾಣ್ಯ ಸಿಕ್ಕರೆ ಅಂತ ಕೇಳಿದವರಿಗೂ ಉತ್ತರ ಒಂದೇ, ಅದನ್ನು ಸರ್ಕಾರಕ್ಕೆ ತಿಳಿಸಬೇಕು, ಕಾನೂನಿದೆ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಕಳಿಸುವುದಕ್ಕೂ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತೆ, ದುಬೈಯಲ್ಲಿರುವ ಮಗನಿಗೆ ಕೊರಿಯರ್ ಮಾಡುವ ಮುಂಚೆ ಯೋಚಿಸಿ.

ಕೊನೆಯದಾಗಿ, ಕಣ್ಣು ಪಳಗಿಸೋಕೆ ಎಲ್ಲಿಗೆ ಹೋಗಬೇಕು ಅಂದರು. ಅಸಲಿಯನ್ನು ಜಾಸ್ತಿ ನೋಡಬೇಕು, ಖೋಟಾ ತಾನಾಗಿಯೇ ಕಾಣಿಸುತ್ತೆ. ಉಡುಪಿಗೆ ಹೋದರೆ ಹಾಜಿ ಅಬ್ದುಲ್ಲಾ ಸಾಹೇಬರ ಹಳೇ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯ ನೋಡಿ, 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಶುರುಮಾಡಿದವರು ಅವರೇ. ಹೋಗುವ ಮೊದಲು ತೆರೆದಿದೆಯಾ ಅಂತ ಕೇಳಿಕೊಳ್ಳಿ. ಈಗ ಯಾರ್ಯಾರ ಜೇಬಿನಲ್ಲಿ ಏನೇನಿದೆ, ಒಬ್ಬೊಬ್ಬರಾಗಿ ತನ್ನಿ. 10 ರೂಪಾಯಿಯ ಬಿಲ್ಲೆ ತಿರುಗಿಸಿದ್ದು ಇದ್ದವರು ಮಾತ್ರ ಕೊನೆಯಲ್ಲಿ ಬನ್ನಿ.